ಬೆಳಗಿನ ಪಾಳಿಗೆ ರೆಡಿ ಇರಬೇಕು

ತೋರಣಗಲ್ಲು, ಕುಡತಿನಿ, ಗಿಣಿಗೇರಿ ಕಡೆ ಯಾರನ್ನಾದರೂ ಕೇಳಿ, ಶಟ್‌ಡೌನ್ ಅಂದರೆ ಏನು ಅಂತ ಹೇಳುತ್ತಾರೆ. ಲಾಡ್ಜುಗಳು ತುಂಬಿಬಿಡುತ್ತವೆ. ಎಲ್ಲೆಲ್ಲಿಂದಲೋ ವೆಲ್ಡರ್‌ಗಳು, ಫಿಟ್ಟರ್‌ಗಳು, ರಿಗ್ಗರ್‌ಗಳು ಬಂದಿಳಿಯುತ್ತಾರೆ. ಒಗ್ಗರಣೆ-ಮಿರ್ಚಿ ಗಾಡಿಯವರು ನಡುರಾತ್ರಿವರೆಗೂ ಬಾಣಲೆ ಇಳಿಸುವುದಿಲ್ಲ. ವರ್ಷವಿಡೀ ಓಡುವ ಯಂತ್ರವನ್ನು ಕೆಲವೇ ದಿನ ನಿಲ್ಲಿಸಿ, ಬಿಚ್ಚಿ, ಸರಿಮಾಡಿ, ಮತ್ತೆ ಚಾಲೂ ಮಾಡಬೇಕು. ನಿಂತ ಒಂದೊಂದು ಗಂಟೆಗೂ ಯಾರೋ ಎಲ್ಲೋ ನಷ್ಟದ ಲೆಕ್ಕ ಹಾಕುತ್ತಿರುತ್ತಾರೆ.

ಈ ಸೀಮೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಯಾವ ಬೇರಿಂಗ್ ಯಾವಾಗ ಬಿಚ್ಚಬೇಕು, ಯಾವ ಪಾಳಿಗೆ ಎಷ್ಟು ಜನ, ಕ್ರೇನ್ ಮೊದಲು ಯಾರಿಗೆ ಅಂತ ಪಟ್ಟಿ ಮಾಡುವುದು ನನ್ನ ಕೆಲಸ. ಅಂದರೆ, ಬಿಸಿಲಲ್ಲಿ ಬೇಯುವವರ ಗಡಿಬಿಡಿಯನ್ನು ಎ.ಸಿ. ರೂಮಿನಲ್ಲಿ ಕೂತು ತಯಾರು ಮಾಡುವವಳು ನಾನು.

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುವ ಹ್ಯಾಂಗರ್ ಒಂದರಲ್ಲಿದ್ದಾನೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ಲೈಸೆನ್ಸ್ ಇರುವ ಎಎಂಇ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರ್. ಅಣ್ಣನದು ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ಲಾರಿ ಗ್ಯಾರೇಜು. ಹಬ್ಬಕ್ಕೆ ಹುಡುಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದನೆಂದರೆ ನಮ್ಮ ಮೂವರ ಮಾತು ನಟ್ಟು ಬೋಲ್ಟು ಬಿಟ್ಟು ಆಚೆ ಹೋಗುವುದಿಲ್ಲ. ಅತ್ತಿಗೆ ಊಟಕ್ಕೆ ಕರೆದು ಕರೆದು ಸಾಕಾಗಿ ಟಿವಿ ಹಾಕಿಕೊಳ್ಳುತ್ತಾರೆ.

ಇಂಥ ಒಂದು ಮಾತಿನಲ್ಲೇ ಹುಡುಗ 1990ರ ಒಂದು ಇಂಗ್ಲೆಂಡಿನ ಕೇಸು ಹೇಳಿದ. ಆಮೇಲೆ ನಾನೇ ಹುಡುಕಿ ಓದಿದೆ. ಅದಾದ ಮೇಲೆ ಇನ್ನೊಂದು, ಮತ್ತೊಂದು. ಗಡಿಬಿಡಿಯಲ್ಲಿ ಆಗುವ ತಪ್ಪನ್ನು ವಿಮಾನದವರು ಬಿಡಿಸಿ ಬಿಡಿಸಿ ಬರೆದಿಟ್ಟ ಹಾಗೆ ಬೇರೆ ಯಾರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಓದುತ್ತಾ ಹೋದಂತೆ ಒಂದು ವಿಷಯ ಮಾತ್ರ ನನ್ನನ್ನು ಬಿಡದೆ ಕಾಡಿತು. ಆ ವರದಿಗಳಲ್ಲಿ ಸೋಮಾರಿಗಳು ಸಿಗುವುದೇ ಅಪರೂಪ. ಸಿಗುವವರು ಬಹುತೇಕ ಕೆಲಸ ಬಲ್ಲವರು. ‘ಇವನ ಕೈಗೆ ಕೊಟ್ಟರೆ ಬೆಳಗಾಗೋದ್ರೊಳಗೆ ಮುಗಿಸ್ತಾನೆ’ ಅಂತ ಹೆಸರು ತಗೊಂಡವರು.

1990ರ ಕೇಸು ನೋಡಿ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣ, ಜೂನ್ ತಿಂಗಳು. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನದ ಕ್ಯಾಪ್ಟನ್ ಕಡೆಯ ಮುಂದಿನ ಗಾಜು ಬದಲಿಸಬೇಕಿತ್ತು. ರಾತ್ರಿ ಪಾಳಿಯಲ್ಲಿ ಜನ ಕಮ್ಮಿ. ಪಾಳಿಯ ಮ್ಯಾನೇಜರ್ ಅನುಭವಸ್ಥ. ಬೇರೆಯವರಿಗೆ ಬೇರೆ ಕೆಲಸ ಇದೆ, ಇದನ್ನು ನಾನೇ ಮುಗಿಸಿಬಿಡುತ್ತೇನೆ ಅಂತ ತಾನೇ ಕೈ ಹಾಕಿದ. ನಸುಕಿನ ಮೂರರಿಂದ ಐದರ ನಡುವಿನ ಹೊತ್ತು. ಬೆಳಿಗ್ಗೆ ಆ ವಿಮಾನವನ್ನು ತೊಳೆಯಲು ಬೇರೆ ತಂಡ ಬರುವುದಿತ್ತು. ಅಷ್ಟರೊಳಗೆ ರೆಡಿ ಇರಬೇಕು.

ಆ ಗಾಜನ್ನು ಹಿಡಿದಿಡಲು 90 ಬೋಲ್ಟು. ಬೇಕಾದ ಬೋಲ್ಟಿನ ನಂಬರ್ ಎ211-8ಡಿ. ಆದರೆ ಬಿಚ್ಚಿದ ಹಳೇ ಗಾಜಿನಲ್ಲಿದ್ದದ್ದು 7ಡಿ. ಅವು ದಪ್ಪದಲ್ಲಿ ಸರಿ, ಉದ್ದದಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಗಿಡ್ಡ. ಅಂದರೆ ಹಿಂದೆ ಯಾರೋ ಹಾಕಿದ್ದೇ ತಪ್ಪು. ಆ ತಪ್ಪು ಬೋಲ್ಟುಗಳ ಮೇಲೆ ವಿಮಾನ ನಾಲ್ಕು ವರ್ಷ ಹಾರಿತ್ತು. ಸ್ಟೋರಿನವನು ‘ಈ ಗಾಜಿಗೆ 8ಡಿ ಬೇಕು’ ಅಂತ ಬಾಯಿಬಿಟ್ಟು ಹೇಳಿದ. ಮ್ಯಾನೇಜರ್‌ಗೆ ಅನ್ನಿಸಿದ್ದು ಇಷ್ಟು: ನಾಲ್ಕು ವರ್ಷ 7ಡಿ ಮೇಲೆ ಹಾರಿದೆ ಅಲ್ವಾ, ಅದೇ ಸಾಕು. ಅಲ್ಲಿ 7ಡಿ ಸಾಕಷ್ಟು ಇರಲಿಲ್ಲ. ನಿಲ್ದಾಣದ ಇನ್ನೊಂದು ಕಡೆ, ಕಾಯುವವರಿಲ್ಲದ ಇನ್ನೊಂದು ಬಿಡಿಭಾಗದ ಜಾಗಕ್ಕೆ ಹೋದ. ಅಲ್ಲಿ ಮಂದ ಬೆಳಕು. ಹಳೇ ಬೋಲ್ಟನ್ನು ಕೈಯಲ್ಲಿಟ್ಟುಕೊಂಡು ಅದರಂತೇ ಕಾಣುವುದನ್ನು ಆರಿಸಿದ. ಆರಿಸಿದ್ದು 8ಸಿ. ಉದ್ದ ಸರಿ, ದಪ್ಪ 0.66 ಮಿಲಿಮೀಟರ್ ಕಮ್ಮಿ.

ಅಷ್ಟು ಕಮ್ಮಿ ಇದ್ದರೆ ಬಿಗಿ ಮಾಡುವಾಗ ಗೊತ್ತಾಗಬೇಕಲ್ಲ? ನನಗೂ ಮೊದಲು ಬಂದ ಪ್ರಶ್ನೆ ಅದೇ. ಅಣ್ಣನ ಮಗ ಎದ್ದು ನಿಂತು ತೋರಿಸಿದ. ಹತ್ತಲು ಇಟ್ಟ ಕಟ್ಟೆ ಸರಿಯಾದ ಜಾಗದಲ್ಲಿರಲಿಲ್ಲ. ಮೈ ಚಾಚಿ ಕೆಲಸ ಮಾಡಬೇಕು. ಸ್ಕ್ರೂಡ್ರೈವರಿನ ಬಿಟ್ ಕಳಚಿ ಬೀಳುತ್ತಿತ್ತು, ಹಾಗಾಗಿ ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಳ್ಳಬೇಕು. ಆ ಕೈಯೇ ಬೋಲ್ಟಿನ ತಲೆಯನ್ನು ಮರೆಮಾಡುತ್ತದೆ. ಬಿಗಿಯ ಮಿತಿ ಮುಟ್ಟಿದಾಗ ಆ ಸ್ಕ್ರೂಡ್ರೈವರ್ ‘ಟಕ್’ ಅನ್ನುತ್ತದೆ. ಸಣ್ಣ ಬೋಲ್ಟಿನ ಹಲ್ಲು ಜಾರಿದರೂ ಕೈಗೆ ಹೆಚ್ಚುಕಮ್ಮಿ ಅದೇ ‘ಟಕ್’ ಅನಿಸುತ್ತದೆ. ತಪ್ಪಾದ ಕೆಲಸ ಸರಿಯಾದ ಕೆಲಸದ ಹಾಗೇ ಸದ್ದು ಮಾಡಿತು ನೋಡಿ.

ಜೂನ್ 10ರ ಬೆಳಿಗ್ಗೆ ವಿಮಾನ ಸ್ಪೇನಿನ ಮಲಗಾಕ್ಕೆ ಹೊರಟಿತು. ಒಳಗೆ 87 ಜನ. 17,300 ಅಡಿ ಎತ್ತರದಲ್ಲಿ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧಕ್ಕರ್ಧ ಹೊರಗೆ ಸೆಳೆದುಹೋದರು. ಕ್ಯಾಬಿನ್ ಸಿಬ್ಬಂದಿ ಅವರ ಸೊಂಟ, ಕಾಲು ಹಿಡಿದು ನಿಂತರು. ಸಹ-ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ನೂ ಬದುಕಿದರು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಹಾರಲು ಶುರುಮಾಡಿದರು. ತನಿಖೆಯಲ್ಲಿ ಲೆಕ್ಕ ಸಿಕ್ಕಿತು: 90ರಲ್ಲಿ 84 ಬೋಲ್ಟು ಸಣಕಲು, ಉಳಿದ 6 ಗಿಡ್ಡ. ಒಂದೂ ಸರಿಯಾದದ್ದಲ್ಲ.

ಸಾಮಾನ್ಯವಾಗಿ ಈ ಕಥೆ ಹೇಳುವವರು ಪೈಲಟ್ ಹೊರಗೆ ನೇತಾಡಿದ್ದನ್ನೇ ಹೇಳುತ್ತಾರೆ. ಸಹಜ, ಸಿನಿಮಾ ಇದ್ದಂಗಿದೆ. ನನ್ನ ಮನಸ್ಸು ಮಾತ್ರ ಆ ಮಂದ ಬೆಳಕಿನ ಬಿಡಿಭಾಗದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದೆ. ಅಲ್ಲಿ ಯಾರೂ ಅವನ ಮೇಲೆ ಕೂಗಾಡುತ್ತಿರಲಿಲ್ಲ. ಮಾಲೀಕ ಫೋನ್ ಮಾಡಿ ಬೈದದ್ದಿಲ್ಲ. ಅವಸರ ಅವನೊಳಗೇ ಇತ್ತು. ಪಾಳಿಯ ಎಲ್ಲ ಕೆಲಸ ಬೆಳಗ್ಗೆಯೊಳಗೆ ಮುಗಿಸಬೇಕು, ಮುಂದಿನವರಿಗೆ ಬಾಕಿ ಉಳಿಸಬಾರದು ಅನ್ನುವ ಒಳ್ಳೇ ಬುದ್ಧಿಯೇ ಅವನನ್ನು ಕತ್ತಲಲ್ಲಿ ಬೋಲ್ಟು ಆರಿಸಲು ಕಳಿಸಿತು. ಇಂಥವನಿಗೆ ‘ಎಚ್ಚರಿಕೆಯಿಂದ ಕೆಲಸ ಮಾಡಿ’ ಅಂತ ಬೋರ್ಡು ತೋರಿಸಿದರೆ ಏನು ಪ್ರಯೋಜನ? ಅವನು ಆಗಲೇ ಅದನ್ನು ನೂರು ಸಲ ಬೇರೆಯವರಿಗೆ ಹೇಳಿರುತ್ತಾನೆ.

ಇನ್ನೊಂದು ಇದೆ. ವಿಮಾನದ ಕೆಲವು ಮುಖ್ಯ ಜಾಗಗಳಲ್ಲಿ ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಬೇರೆಯಾಗಿ ನೋಡಿ ಸಹಿ ಹಾಕಲೇಬೇಕು. ಆ ಗಾಜು ಅಂಥ ಪಟ್ಟಿಯಲ್ಲಿರಲಿಲ್ಲ. ಹೊರಗಿನಿಂದ ಕೂರಿಸುವ ಗಾಜು ಅದು. ಒಳಗಿನ ಗಾಳಿಯ ಒತ್ತಡವೆಲ್ಲ ಬೋಲ್ಟುಗಳ ಮೇಲೇ. ಆದರೂ ಇರಲಿಲ್ಲ. ಮಾಡಿದವನೇ ನೋಡಿದ, ನೋಡಿದವನೇ ಸಹಿ ಹಾಕಿದ.

“ಅತ್ತೆ, ನಮ್ಮಲ್ಲೂ ಯಾರೂ ಬೈಯಲ್ಲ,” ಅಂದ ಹುಡುಗ. “ಬೈದಿದ್ರ ಚೊಲೋ ಇತ್ತು, ತಿರುಗಿ ಜಗಳ ಆಡಬೌದಿತ್ತು. ಫೋನ್ ಮಾಡಿ ‘ಎಷ್ಟೊತ್ತಿಗೆ ಆಗ್ತದ’ ಅಂತ ಅಷ್ಟೇ ಕೇಳ್ತಾರ. ಅರ್ಧ ಗಂಟೆಗೊಮ್ಮೆ ಕೇಳ್ತಾರ.”

ವಿಮಾನ ಕೆಟ್ಟು ನೆಲದ ಮೇಲೆ ನಿಂತರೆ ಅವರು ಎಒಜಿ ಅನ್ನುತ್ತಾರೆ. ಎಒಜಿ ಅಂದ ಕೂಡಲೇ ಸ್ಟೋರು, ಪ್ಲಾನಿಂಗು, ಏರ್‌ಪೋರ್ಟು ಎಲ್ಲ ಕಡೆಯಿಂದ ಫೋನು. ಯಾರೂ ‘ನಿಯಮ ಬಿಡು’ ಅನ್ನುವುದಿಲ್ಲ. ಹಾಗಂದರೆ ಅದಕ್ಕೆ ಸಾಕ್ಷಿ ಉಳಿಯುತ್ತದಲ್ಲ! ಸುಮ್ನೆ ಟೈಮ್ ಕೇಳುತ್ತಾರೆ ಅಷ್ಟೇ. ನಾನೂ ದಿನಕ್ಕೆ ಎಷ್ಟೋ ಸಲ ಕೇಳುವ ಪ್ರಶ್ನೆ ಅದು. ನನ್ನ ಕೆಲಸವೇ ಅದು.

ಪಾಳಿ ಬದಲಾಗುವ ಹೊತ್ತು ಇನ್ನೊಂದು ದೊಡ್ಡ ವಿಷಯ. 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸ್‌ನ ಈಗಲ್ ಲೇಕ್ ಹತ್ತಿರ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಒಂದು ಚಿಕ್ಕ ವಿಮಾನ ಆಕಾಶದಲ್ಲೇ ಮುರಿದುಬಿತ್ತು. 14 ಜನ ಇದ್ದರು, ಯಾರೂ ಉಳಿಯಲಿಲ್ಲ. ಹಿಂದಿನ ರಾತ್ರಿ ಅದರ ಬಾಲದ ಅಡ್ಡರೆಕ್ಕೆಯ ಮುಂಭಾಗದಲ್ಲಿ ಮಂಜುಗಡ್ಡೆ ಕಟ್ಟದ ಹಾಗೆ ಹಾಕುವ ರಬ್ಬರ್ ಪಟ್ಟಿ ಬದಲಿಸುವ ಕೆಲಸ ನಡೆದಿತ್ತು. ಸಂಜೆ ಪಾಳಿಯ ಇನ್‌ಸ್ಪೆಕ್ಟರ್ ಒಬ್ಬ ಸುಮ್ಮನೆ ನಿಲ್ಲುವ ಬದಲು ಸಹಾಯ ಮಾಡಲು ಮೇಲೆ ಹತ್ತಿದ. ಬಲಗಡೆ, ಎಡಗಡೆ ಎರಡೂ ಕಡೆಯ ಮೇಲ್ಭಾಗದ ಸ್ಕ್ರೂ ಬಿಚ್ಚಿದ. ಆ ರಾತ್ರಿ ಬಲಗಡೆ ಕೆಲಸ ಮಾತ್ರ ಮುಗಿಯಿತು. ಎಡಗಡೆಯ 47 ಸ್ಕ್ರೂ ಬಿಚ್ಚಿವೆ ಅನ್ನುವ ಮಾತು ರಾತ್ರಿ ಪಾಳಿಯವರ ತನಕ ತಲುಪಲೇ ಇಲ್ಲ. ನೆಲದಿಂದ ನೋಡಿದರೆ ಅದು ಕಾಣುವುದೂ ಇಲ್ಲ, ಬಾಲ ಅಷ್ಟು ಎತ್ತರ. ಬೆಳಿಗ್ಗೆ ವಿಮಾನ ರೆಡಿ.

ಇಲ್ಲೂ ನೋಡಿ, ಅವನು ಹೆಚ್ಚುವರಿ ಕೆಲಸ ಮಾಡಿದವನು. ಕೈಕಟ್ಟಿ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಅಮೆರಿಕದ ತನಿಖಾ ಮಂಡಳಿಯ ವರದಿಯಲ್ಲಿ ಜಾನ್ ಲಾಬರ್ ಎಂಬ ಸದಸ್ಯರು ಬಹುಮತವನ್ನು ಒಪ್ಪದೆ ಬೇರೆ ಅಭಿಪ್ರಾಯ ಬರೆದರು. ಆ ರಾತ್ರಿಯ ಕೆಲವು ಕೆಲಸಗಾರರ ತಪ್ಪು ಅಂದರೆ ಸಾಲದು, ಸಂಸ್ಥೆ ಇಂಥ ಕೆಲಸವನ್ನು ಒಪ್ಪಿಕೊಂಡು ನಡೆಸುತ್ತಿದ್ದ ರೀತಿಯೇ ಕಾರಣ ಅನ್ನುವುದು ಅವರ ವಾದ. 90ರ ದಶಕದ ಶುರುವಿನಲ್ಲಿ ಹೀಗೆ ಬರೆಯುವುದಕ್ಕೆ ಗುಂಡಿಗೆ ಬೇಕು. ಆ ಅಪಘಾತದ ಎರಡು ವರ್ಷದ ನಂತರ, 1993ರಲ್ಲಿ, ಕೆನಡಾದ ಗಾರ್ಡನ್ ಡುಪಾಂಟ್ ಎನ್ನುವವರು ಇಂಥ ತಪ್ಪಿಗೆ ದಾರಿಯಾಗುವ 12 ಕಾರಣಗಳ ಪಟ್ಟಿ ಮಾಡಿದರು. ಒತ್ತಡ, ದಣಿವು, ಹೇಳಬೇಕಾದ್ದನ್ನು ಹೇಳದಿರುವುದು, ‘ಇಲ್ಲಿ ಹೀಗೇ ನಡೆಯೋದು’ ಅನ್ನುವ ರೂಢಿ, ಹೀಗೆ. ಈಗ ಆ ಪಟ್ಟಿ ಜಗತ್ತಿನ ಹ್ಯಾಂಗರ್‌ಗಳ ಗೋಡೆ ಮೇಲೆಲ್ಲ ಇದೆ. ಹುಡುಗನ ಹ್ಯಾಂಗರ್‌ನಲ್ಲೂ ಇದೆಯಂತೆ, ನೀರಿನ ಫಿಲ್ಟರ್ ಪಕ್ಕ.

ನಮ್ಮ ಪಾಳಿಗಳು ಆರು, ಎರಡು, ಹತ್ತು ಗಂಟೆಗೆ ಬದಲಾಗುತ್ತವೆ. ಮಧ್ಯಾಹ್ನ ಎರಡಕ್ಕೆ ಗೇಟಿನ ಹತ್ತಿರ ನಿಂತು ನೋಡಬೇಕು. ಹೋಗುವವರಿಗೆ ಬಸ್ಸಿನ ಚಿಂತೆ, ಬರುವವರಿಗೆ ಪಂಚಿಂಗ್ ಚಿಂತೆ. ನಡುವೆ ಒಂದು ರಿಜಿಸ್ಟರ್. ಅದರಲ್ಲಿ ಪುಟಗಟ್ಟಲೆ ಒಂದೇ ಸಾಲು: ‘ಜಾಬ್ ಅಂಡರ್ ಪ್ರೋಗ್ರೆಸ್’. ಯಾವ ಜಾಬ್, ಎಷ್ಟು ಆಗಿದೆ, ಯಾವ ಬೋಲ್ಟು ಕೈಬಿಗಿ ಮಾತ್ರ ಇದೆ, ಯಾವುದಕ್ಕೆ ಪಾನಾ ಹಾಕಿ ಬಿಗಿ ಮಾಡಲಾಗಿದೆ ಅನ್ನುವುದು ಬರೆದವರ ತಲೆಯಲ್ಲಿದೆ. ಆ ತಲೆ ಈಗ ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದೆ.

ಅಣ್ಣನಿಗೆ ಈ ವಿಮಾನದ ಕಥೆಗಳೆಲ್ಲ ಸ್ವಲ್ಪ ಜಾಸ್ತಿ ಅನಿಸುತ್ತವೆ. “ನಿಮಗ ಪುಸ್ತಕ ಐತಿ, ಸ್ಟ್ಯಾಂಪ್ ಐತಿ, ಸಂಬಳ ಐತಿ. ನಮ್ಮದು ಟ್ರಿಪ್ ಲೆಕ್ಕ,” ಅನ್ನುತ್ತಾನೆ. ಅವನು ಹೇಳುವುದು ಅದಿರಿನ ಕಾಲದ ಮಾತು. 2011ಕ್ಕೆ ಮುಂಚೆ ಈ ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಸಂಡೂರಿನ ಕಡೆಯಿಂದ ಹಗಲು ರಾತ್ರಿ ಲಾರಿ. ರಸ್ತೆ ಬದಿಯ ಜಾಲಿಗಿಡದ ಎಲೆಯೂ ಕೆಂಪು. ಲಾರಿ ನಿಂತರೆ ಕಂತು ನಿಲ್ಲುವುದಿಲ್ಲ. ಸ್ಪ್ರಿಂಗ್ ಪಾಟಾ ಕಟ್ಟಾಗಿರಲಿ, ಬ್ರೇಕ್ ಲೈನಿಂಗ್ ಸವೆದಿರಲಿ, ಡ್ರೈವರ್ ಇಂಜಿನ್ ಬಂದ್ ಮಾಡದೇ ‘ಅಣ್ಣಾ ಬೇಗ’ ಅಂತಿದ್ದ.

ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟನ್ನು ಎಷ್ಟೇ ಬಿಗಿ ಮಾಡಿದರೂ, ಲೋಡು ಹೊತ್ತು ಸ್ವಲ್ಪ ದೂರ ಓಡಿದ ಮೇಲೆ ರಿಮ್ಮು ಸರಿಯಾಗಿ ಕೂತು ನಟ್ಟು ಸಡಿಲಾಗುತ್ತದೆ. ಇನ್ನೊಮ್ಮೆ ಬಿಗಿ ಮಾಡಲೇಬೇಕು. ಇದು ಎಲ್ಲ ಮೆಕ್ಯಾನಿಕ್‌ಗೂ ಗೊತ್ತು. ಆದರೆ ಗ್ಯಾರೇಜಿನಿಂದ ಹೊರಟ ಲಾರಿ ಅದಕ್ಕಾಗಿ ತಿರುಗಿ ಬರುತ್ತದೆಯೇ? ಅಣ್ಣ ಒಂದು ದಾರಿ ಕಂಡುಕೊಂಡಿದ್ದ. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನ ಮೇಲೂ ರಿಮ್ಮಿನ ಮೇಲೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆಯುತ್ತಿದ್ದ. ‘ಟೀಗೆ ನಿಲ್ಲಿಸ್ತೀಯಲ್ಲ, ಕೆಳಗಿಳಿದು ನೋಡು. ಗೆರೆ ಮುರಿದಿದ್ರ ಪಾನಾ ಹಾಕು’ ಅಂತ ಡ್ರೈವರ್‌ಗೆ ಹೇಳುತ್ತಿದ್ದ. ಎಲ್ಲ ಲಾರಿಗೂ ಮಾಡುತ್ತಿದ್ದನಾ ಅಂದರೆ, ಇಲ್ಲ. ಮಾತು ಕೇಳುವ ಡ್ರೈವರ್‌ಗಳ ಗಾಡಿಗೆ ಮಾತ್ರ. ಉಳಿದವರಿಗೆ ಗೆರೆ ಎಳೆಯುವ ಟೈಮೂ ಇರುತ್ತಿರಲಿಲ್ಲ.

ಹುಡುಗ ಇದನ್ನು ಕೇಳಿ ನಗುತ್ತಾನೆ. ವಿಮಾನದಲ್ಲೂ ಬಿಗಿ ಮಾಡಿದ ನಟ್ಟಿನ ಮೇಲೆ ಹೀಗೇ ಬಣ್ಣದ ಗೆರೆ ಎಳೆಯುತ್ತಾರೆ, ಜಾರಿದೆಯೋ ಇಲ್ಲವೋ ಕಣ್ಣಿಗೇ ಕಾಣಲಿ ಅಂತ. ಅಪ್ಪ ಯಾವ ಪುಸ್ತಕವನ್ನೂ ಓದದೆ ಅದನ್ನೇ ಮಾಡಿದ್ದ. ಆದರೆ ಹ್ಯಾಂಗರ್‌ನಲ್ಲಿ ಗೆರೆ ಎಳೆಯುವುದು ಡ್ರೈವರ್ ಮಾತು ಕೇಳುತ್ತಾನೋ ಇಲ್ಲವೋ ಅನ್ನುವುದರ ಮೇಲೆ ನಿಂತಿಲ್ಲ. ಅಪ್ಪ-ಮಗನ ಜಗಳ ಇಲ್ಲಿಗೆ ಬಂದು ನಿಲ್ಲುತ್ತದೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅಣ್ಣನಿಗೆ ಟೈಮೇ ಟೈಮು. ಗಡಿಬಿಡಿ ಹೋಯಿತು, ಜತೆಗೆ ಕೆಲಸವೂ ಹೋಯಿತು. ಸಾಲಾಗಿ ನಿಂತ ಲಾರಿಗಳ ಟೈರಿನಲ್ಲಿ ಗಾಳಿ ಇಳಿಯುವುದನ್ನು ನೋಡುತ್ತಾ ಕೂತ. ಅವಸರದ ಬಗ್ಗೆ ಬರೆಯುವ ನನ್ನಂಥವರು ಇದನ್ನು ಮರೆಯಬಾರದು. ಅವಸರದಿಂದಲೇ ಊಟ ಹುಟ್ಟುವ ಕಡೆ ‘ನಿಧಾನವೇ ಪ್ರಧಾನ’ ಅನ್ನುವುದು ಸುಲಭದ ಮಾತಲ್ಲ.

ಅವಸರವನ್ನು ಕೆಲಸದ ಪದ್ಧತಿಯೇ ಮಾಡಿಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಶಿಕಾಗೊದ 1979ರ ಕೇಸು ಇದೆ. ಪ್ಲಾನಿಂಗಿನಲ್ಲಿರುವ ನನಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ಮಾಡಿದ್ದು ಇದೇ. ಡಿಸಿ-10 ವಿಮಾನದ ರೆಕ್ಕೆಯ ಕೆಳಗಿನ ಇಂಜಿನ್ನು ಪೈಲಾನ್ ಎಂಬ ತೋಳಿಗೆ ನೇತಾಡುತ್ತದೆ. ತಯಾರಕರು ಹೇಳಿದ್ದು, ಮೊದಲು ಇಂಜಿನ್ ಇಳಿಸಿ, ಆಮೇಲೆ ಪೈಲಾನ್ ಬಿಚ್ಚಿ ಅಂತ. ಅಮೆರಿಕನ್ ಏರ್‌ಲೈನ್ಸ್‌ನವರು ಎರಡನ್ನೂ ಒಟ್ಟಿಗೇ ಫೋರ್ಕ್‌ಲಿಫ್ಟ್ ಮೇಲೆ ಇಳಿಸುವ ದಾರಿ ಹುಡುಕಿದರು. ಬಿಚ್ಚಬೇಕಾದ ಪೈಪು, ವೈರು ಜೋಡಣೆಗಳು 79ರಿಂದ 27ಕ್ಕೆ ಇಳಿದವು. ಒಂದೊಂದು ವಿಮಾನಕ್ಕೆ ಸುಮಾರು 200 ಆಳು-ಗಂಟೆ ಉಳಿತಾಯ. ಈ ಅಂಕಿ ನನ್ನ ಟೇಬಲ್ಲಿಗೆ ಬಂದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಸೇಫ್ಟಿ ದೃಷ್ಟಿಯಿಂದಲೂ ಅದಕ್ಕೆ ಒಂದು ಸಮರ್ಥನೆ ಇದೆ, ಕಮ್ಮಿ ಬಿಚ್ಚಿದರೆ ಕಮ್ಮಿ ತಪ್ಪು ಅಂತ.

ಆದರೆ ಅಷ್ಟು ಭಾರವನ್ನು ಫೋರ್ಕ್‌ಲಿಫ್ಟಿನಲ್ಲಿ ಕೂದಲೆಳೆಯಷ್ಟು ಆಚೀಚೆ ಸರಿಸಿ ಕೂರಿಸುವುದು ಕಷ್ಟ. ಆ ವಿಮಾನದ ಕೆಲಸ ಅರ್ಧಕ್ಕಿದ್ದಾಗ ಪಾಳಿ ಬದಲಾಯಿತು. ಮತ್ತೆ ಶುರುಮಾಡುವಾಗ ಪೈಲಾನ್ ರೆಕ್ಕೆಗೆ ಸಿಕ್ಕಿಕೊಂಡಿತ್ತು, ಫೋರ್ಕ್‌ಲಿಫ್ಟನ್ನು ಮತ್ತೆ ಸರಿಹೊಂದಿಸಬೇಕಾಯಿತು. ಆ ಎಳೆದಾಟದಲ್ಲಿ ಪೈಲಾನಿನ ಹಿಂಭಾಗ ಬಿರುಕು ಬಿಟ್ಟಿತು. ಯಾರಿಗೂ ಕಾಣಲಿಲ್ಲ. ವಾರಗಳ ಮೇಲೆ, ಮೇ 25ರಂದು, ಟೇಕಾಫ್ ಹೊತ್ತಿಗೆ ಎಡ ಇಂಜಿನ್ನು ಕಳಚಿ ರೆಕ್ಕೆಯ ಮೇಲಿಂದ ಹಿಂದಕ್ಕೆ ಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 273 ಜನ ಸತ್ತರು.

ಅವಸರ ಇನ್ನೊಂದು ವೇಷದಲ್ಲೂ ಬರುತ್ತದೆ, ನಿಧಾನದ ವೇಷದಲ್ಲಿ. ಮೂರು ತಿಂಗಳಿಗೊಮ್ಮೆ ಮಾಡುವ ಗ್ರೀಸಿಂಗನ್ನು ಆರು ತಿಂಗಳಿಗೊಮ್ಮೆ ಮಾಡಿದರೆ ಯಂತ್ರ ನಿಲ್ಲುವುದು ಕಮ್ಮಿ ಆಗುತ್ತದೆ. ಯಾರ ಕೈಯೂ ಓಡಲಿಲ್ಲ, ಆದರೂ ಟೈಮ್ ಉಳಿಯಿತು. 2000ದ ಜನವರಿ 31ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದ ಅಲಾಸ್ಕಾ ಏರ್‌ಲೈನ್ಸ್ ವಿಮಾನದಲ್ಲಿ ಬಾಲದ ಅಡ್ಡರೆಕ್ಕೆಯನ್ನು ಮೇಲೆ-ಕೆಳಗೆ ಮಾಡುವ ಜ್ಯಾಕ್‌ಸ್ಕ್ರೂವಿಗೆ ಸರಿಯಾಗಿ ಗ್ರೀಸ್ ಆಗಿರಲಿಲ್ಲ. ಅದರ ನಟ್ಟಿನ ಹಲ್ಲುಗಳೆಲ್ಲ ಸವೆದು ಕಿತ್ತುಹೋಗಿದ್ದವು. ಗ್ರೀಸ್ ಹಾಕುವ ಅವಧಿಯನ್ನು ಸಂಸ್ಥೆ ಹಂತ ಹಂತವಾಗಿ ದೂರ ತಳ್ಳಿತ್ತು. 88 ಜನ. ಆ ಅವಧಿಯನ್ನು ಕಾಗದದ ಮೇಲೆ ಬದಲಿಸಿದವರು ನನ್ನಂತೆ ಕುರ್ಚಿಯಲ್ಲಿ ಕೂತವರೇ ಇರಬೇಕಲ್ಲ.

ಹಾಗಾದರೆ ಅವಸರದಲ್ಲಿ ಮಾಡಿದ್ದೆಲ್ಲ ಕೆಡುತ್ತದಾ? ಇಲ್ಲ. ನಮ್ಮ ಮನೆಬಾಗಿಲಲ್ಲೇ ಉದಾಹರಣೆ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರೆಲ್ಲ ಭತ್ತದ ನೀರು ಹರಿದುಹೋಗುವುದನ್ನು ಟಿವಿಯಲ್ಲಿ ನೋಡುತ್ತಾ ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಗೇಟಿನ ಜಾಗದಲ್ಲಿ ನೀರಿಗೆ ಅಡ್ಡ ಇಳಿಸುವ ಸ್ಟಾಪ್‌ಲಾಗ್ ತುಂಡುಗಳನ್ನು ತರಾತುರಿಯಲ್ಲಿ ತಯಾರಿಸಿ, ಹರಿಯುವ ನೀರಿನಲ್ಲೇ ಇಳಿಸಬೇಕು. 16ರಂದು ಮೊದಲ ತುಂಡು ಕೂತಿತು. ಅದರ ಬೆನ್ನಿಗೇ ಉಳಿದವು ಕೂತು ನೀರು ನಿಂತಿತು. ಇದಕ್ಕಿಂತ ದೊಡ್ಡ ಒತ್ತಡ ಯಾವ ಹ್ಯಾಂಗರ್‌ನಲ್ಲಿದೆ ಹೇಳಿ. ಮಂತ್ರಿಗಳು, ಕ್ಯಾಮೆರಾಗಳು, ಮೂರು ರಾಜ್ಯದ ಕಣ್ಣು.

ಆದರೂ ಅದು ಬೇರೆ ಥರದ ಕೆಲಸ. ತುಂಡು ಕೂರಲಿಲ್ಲ ಅಂದರೆ ನೀರೇ ತಕ್ಷಣ ಹೇಳುತ್ತದೆ. ಮರೆಮಾಚುವ ಹಾಗಿಲ್ಲ. ಅವಸರ ಇದೆ ಅನ್ನುವುದೂ ಎಲ್ಲರಿಗೂ ಗೊತ್ತು, ಹಾಗಾಗಿ ನೂರು ಕಣ್ಣು ಅಲ್ಲೇ. ಬರ್ಮಿಂಗ್‌ಹ್ಯಾಮಿನ ಬೋಲ್ಟು ಸುಮಾರು 27 ಗಂಟೆ ಬಾಯಿಮುಚ್ಚಿಕೊಂಡು ಕೂತಿತ್ತು. ಶಿಕಾಗೊದ ಬಿರುಕು ವಾರಗಟ್ಟಲೆ ಸುಮ್ಮನಿತ್ತು. ತಪ್ಪಾಗಿದ್ದರೂ ಸರಿಯಾದದ್ದರ ಹಾಗೇ ಕಾಣುವ ಕೆಲಸದಲ್ಲಿ ಅವಸರ ಸೇರಿದಾಗ ನನಗೆ ಭಯ. ಅಲ್ಲಿ ನೋಡುವವರು ಒಬ್ಬರೇ ಇರುತ್ತಾರೆ, ಅವರಿಗೂ ನಿದ್ದೆ ಬಂದಿರುತ್ತದೆ.

ನಿದ್ದೆ ಅಂದಾಗ ನೆನಪಾಯಿತು. 2013ರ ಮೇನಲ್ಲಿ ಲಂಡನ್ನಿನ ಹೀಥ್ರೂನಲ್ಲಿ ಇಬ್ಬರು ತಂತ್ರಜ್ಞರು ರಾತ್ರಿ ಒಂದು ಎ319 ವಿಮಾನದ ಇಂಜಿನ್ ಮುಚ್ಚಳಗಳ ಚಿಲಕ ಹಾಕದೆ, ಆಮೇಲೆ ಬಂದು ಮುಗಿಸೋಣ ಅಂತ ಹೋದರು. ತಿರುಗಿ ಬಂದದ್ದು ಬೇರೆ ವಿಮಾನಕ್ಕೆ. ಅಲ್ಲಿ ಮುಚ್ಚಳಗಳೆಲ್ಲ ಸರಿಯಾಗೇ ಇದ್ದವು. ಬೆಳಿಗ್ಗೆ ಮೊದಲನೆಯ ವಿಮಾನ ಹಾಗೇ ಹಾರಿತು, ಎರಡೂ ಇಂಜಿನ್‌ಗಳ ಮುಚ್ಚಳ ಹರಿದುಬಿದ್ದವು, ಒಂದು ಇಂಜಿನ್‌ಗೆ ಬೆಂಕಿ ಹತ್ತಿತು. ಅದೃಷ್ಟಕ್ಕೆ ವಾಪಸ್ ಇಳಿಯಿತು. ನಕ್ಕುಬಿಡುವಂಥ ತಪ್ಪು, ಅಲ್ವಾ? ಒಂದೇ ಬಣ್ಣದ ವಿಮಾನಗಳು ಸಾಲಾಗಿ ನಿಂತ ಜಾಗದಲ್ಲಿ ರಾತ್ರಿ ಓವರ್‌ಟೈಮ್ ಮಾಡಿದವರು ನಗುವುದಿಲ್ಲ.

ವಿಮಾನದವರು ಇದಕ್ಕೆ ಕಂಡುಕೊಂಡ ಮದ್ದುಗಳಲ್ಲಿ ನನಗೆ ಇಷ್ಟವಾದದ್ದು, ಮನುಷ್ಯ ಒಳ್ಳೆಯವನಾಗಿರಲಿ ಅಂತ ಕಾಯದೆ ಇರುವವು. 1983ರಲ್ಲಿ ಮಯಾಮಿಯಿಂದ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಮೂರು ಇಂಜಿನ್ನಿನ ವಿಮಾನದಲ್ಲಿ ಮೂರಕ್ಕೂ ಒಂದೇ ತಪ್ಪಾಗಿತ್ತು. ಆಯಿಲಿನಲ್ಲಿ ಲೋಹದ ಚೂರು ಹಿಡಿಯುವ ಸಣ್ಣ ಭಾಗವನ್ನು ಓ-ರಿಂಗ್, ಅಂದರೆ ಸೋರದಂತೆ ತಡೆಯುವ ಉಂಗುರ, ಹಾಕದೆ ಕೂರಿಸಿದ್ದರು. ಮೂರರಿಂದಲೂ ಆಯಿಲ್ ಸೋರಿತು. ಒಂದು ಇಂಜಿನ್ನನ್ನು ಮತ್ತೆ ಚಾಲೂ ಮಾಡಿಕೊಂಡು ಹೇಗೋ ಇಳಿದರು. ಈಗ ಎರಡು ಇಂಜಿನ್ನಿನ ವಿಮಾನ ದೂರದ ಸಾಗರ ದಾಟಬೇಕಿದ್ದರೆ, ಒಬ್ಬನೇ ಒಂದೇ ಸಲಕ್ಕೆ ಎರಡೂ ಇಂಜಿನ್ನಿನ ಒಂದೇ ಥರದ ಕೆಲಸಕ್ಕೆ ಕೈಹಾಕದಂತೆ ನೋಡಿಕೊಳ್ಳುತ್ತಾರೆ. ಅವನು ಎಷ್ಟೇ ಬುದ್ಧಿವಂತನಿರಲಿ, ಅವನ ತಪ್ಪು ಒಂದೇ ಇಂಜಿನ್ನಿಗೆ ಇರಲಿ ಅಂತ. ಹ್ಯಾಂಗರ್‌ನಲ್ಲಿ ಸಾಮಾನು ಇಡುವ ಹಲಗೆಯ ಮೇಲೆ ಒಂದೊಂದು ಪಾನಾದ ಆಕಾರದ ಗುರುತು ಇರುತ್ತದೆ. ಒಂದು ಜಾಗ ಖಾಲಿ ಕಂಡರೂ ವಿಮಾನ ಬಿಡುವ ಹಾಗಿಲ್ಲ. ಮ್ಯಾನೇಜರ್ ಫೋನ್ ಮಾಡಬಹುದು, ಆದರೆ ವಿಮಾನ ಹಾರಲು ಸರಿ ಇದೆ ಅಂತ ಸಹಿ ಹಾಕುವುದು ಲೈಸೆನ್ಸ್ ಇದ್ದವರು ಮಾತ್ರ.

ನಮ್ಮ ಕಾರ್ಖಾನೆಯಲ್ಲೂ ಒಂದು ಒಳ್ಳೇ ಪದ್ಧತಿ ಇದೆ. ಯಂತ್ರದೊಳಗೆ ಇಳಿಯುವ ಒಬ್ಬೊಬ್ಬರೂ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕುತ್ತಾರೆ. ಕೊನೆಯವರು ಹೊರಬಂದು ಬೀಗ ತೆಗೆಯುವ ತನಕ ಯಾರಪ್ಪ ಬಂದರೂ ಯಂತ್ರ ಚಾಲೂ ಆಗುವುದಿಲ್ಲ. ಜೀವಕ್ಕೆ ಇಷ್ಟು ಮಾಡಿದ್ದೇವೆ. ಬೋಲ್ಟಿಗೆ ಇನ್ನೂ ‘ಜಾಬ್ ಅಂಡರ್ ಪ್ರೋಗ್ರೆಸ್’ ಅಷ್ಟೇ.

ಒಂದು ಮಾತು ಪ್ರಯಾಣಿಕರ ಬಗ್ಗೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಉಡಾನ್ ಯೋಜನೆ ಬಂದ ಮೇಲೆ ನಮ್ಮ ಕಡೆಯವರೂ ವಿಮಾನ ಹತ್ತುವುದು ಜಾಸ್ತಿಯಾಗಿದೆ. ‘ತಾಂತ್ರಿಕ ಕಾರಣದಿಂದ ತಡ’ ಅಂತ ಕೂಗಿದ ಕೂಡಲೇ ಕೌಂಟರಿನ ಹುಡುಗಿಯ ಮೇಲೆ ಮುಗಿಬೀಳುವುದನ್ನು ನೋಡಿದ್ದೇನೆ. ಒಳಗೆಲ್ಲೋ ಒಬ್ಬ ಹುಡುಗ ಸಹಿ ಹಾಕದೆ ಪೆನ್ನು ಕೆಳಗಿಟ್ಟಿರಬಹುದು. ನಮ್ಮ ಕೂಗೂ ಫೋನಿನ ಮೂಲಕ ಅವನ ತನಕ ಹೋಗುತ್ತದೆ.

ಈ ಸಲದ ಶಟ್‌ಡೌನ್ ಪಟ್ಟಿಯಲ್ಲಿ ನಾನು ಪ್ರತಿ ಪಾಳಿಗೆ ಅರ್ಧ ಗಂಟೆ ಸೇರಿಸಿದೆ. ಹೋಗುವ ಫಿಟ್ಟರ್, ಬರುವ ಫಿಟ್ಟರ್ ಇಬ್ಬರೂ ಯಂತ್ರದ ಮುಂದೆ ನಿಂತು, ಬಿಚ್ಚಿದ್ದು ಯಾವುದು, ಕೈಬಿಗಿ ಯಾವುದು, ಮುಗಿದದ್ದು ಯಾವುದು ಅಂತ ಕೈಯಿಟ್ಟು ತೋರಿಸಿ ಬರೆದುಕೊಳ್ಳಬೇಕು. ಮೀಟಿಂಗಿನಲ್ಲಿ ಸಾಹೇಬರು ಆ ಸಾಲಿನ ಮೇಲೆ ಪೆನ್ನಿಟ್ಟು, “ಇದೇನಮ್ಮಾ, ಅರ್ಧ ಗಂಟೆ ಯಾರೂ ಕೆಲಸ ಮಾಡಲ್ಲ ಅಂತ ನೀವೇ ಬರೆದು ಕೊಡ್ತಿದೀರಾ?” ಅಂದರು. ಇಬ್ಬರಿಗೂ ಕೂಲಿ ಕೊಡಬೇಕಲ್ಲ ಅನ್ನುವುದು ಅವರ ಚಿಂತೆ. ನಾನು 47 ಸ್ಕ್ರೂ ಕಥೆ ಹೇಳಿದೆ. ಪೂರ್ತಿ ಕೇಳಿದರು. ಕಾಲು ಗಂಟೆಗೆ ಇಳಿಸಿ ಒಪ್ಪಿದರು.

ಈಗ ಉಳಿದಿರುವುದು ಬಸ್ಸು. ಎರಡು ಹತ್ತಕ್ಕೆ ಬಸ್ಸು ಗೇಟು ಬಿಡುತ್ತದೆ. ಕಾಲು ಗಂಟೆ ನಿಂತವನು ಊರಿಗೆ ಆಟೋ ಮಾಡಿಕೊಂಡು ಹೋಗಬೇಕು. ಹಾಗಿದ್ದ ಮೇಲೆ ಯಾರು ನಿಲ್ಲುತ್ತಾರೆ? ಶಟ್‌ಡೌನ್ ದಿನಗಳಲ್ಲಿ ಬಸ್ಸನ್ನು ಇಪ್ಪತ್ತು ನಿಮಿಷ ತಡವಾಗಿ ಬಿಡಿ ಅಂತ ಸಾರಿಗೆ ವಿಭಾಗಕ್ಕೆ ಬರೆದಿದ್ದೆ. ನಿನ್ನೆ ಉತ್ತರ ಬಂತು. ಬಸ್ಸು ಟೈಮಿಗೆ ಸರಿಯಾಗಿ ಬಿಡಲೇಬೇಕಂತೆ, ಇಲ್ಲದಿದ್ದರೆ ಮುಂದಿನ ಟ್ರಿಪ್ ತಪ್ಪುತ್ತದಂತೆ.